ಲೇತಿನ ಅದುರು ಎಲ್ಲಿಂದ ಬರುತ್ತದೆ?

ಬೆಂಗಳೂರಿನ ಬೆಳ್ಳಂದೂರಿನಲ್ಲಿ, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಬೆನ್ನಿಗೆ, ಸರ್ಜಾಪುರ ರಸ್ತೆಗೆ ಸೇರುವ ಒಳದಾರಿಗಳಲ್ಲಿ, ಮರಗೆಲಸದ ತಗಡಿನ ಶೆಡ್ಡುಗಳು ಇನ್ನೂ ಉಳಿದಿವೆ. ಮೆಟ್ಟಿಲ ಕಟಾಂಜನದ ಕಂಬಿ, ಮೇಜಿನ ಕಾಲು, ದೇವರ ಮಂಟಪದ ಗುಂಡುಗಂಬ ಇವೆಲ್ಲ ಕಡೆತದ ಕೆಲಸ. ಅದಕ್ಕೆ ಮರದ ಲೇತು ಬೇಕು. ಐ.ಟಿ. ಕಚೇರಿಗಳಲ್ಲಿ ದುಡಿಯುವವರಲ್ಲೂ ಕೆಲವರು ರಜೆಯ ದಿನದ ಹವ್ಯಾಸಕ್ಕೆಂದು ಪುಟ್ಟ ಲೇತು ತರಿಸಿಕೊಂಡು ಮನೆಯಲ್ಲೇ ಬಟ್ಟಲು, ಬುಗುರಿ ಕಡೆಯುವುದುಂಟು. ಕಸುಬುದಾರರಿರಲಿ ಹವ್ಯಾಸಿಗಳಿರಲಿ, ದೂರು ಮಾತ್ರ ಒಂದೇ: ಮೈ ನುಣುಪಾಗಿ ಬರುವುದಿಲ್ಲ, ಗೆರೆ ಏಳುತ್ತದೆ, ಯಂತ್ರ ಅದುರುತ್ತದೆ. ಇದಕ್ಕೆ ಜನ ಮಾಡಿಕೊಳ್ಳುವ ಉಪಾಯಗಳೂ ಹೆಚ್ಚುಕಡಿಮೆ ಒಂದೇ. ಮೊದಲು ಉಪ್ಪುಕಾಗದ ತಿಕ್ಕುತ್ತಾರೆ. ಆಮೇಲೆ ಮರ ಸರಿಯಿಲ್ಲ ಎನ್ನುತ್ತಾರೆ. ಕೊನೆಗೆ ಇದಕ್ಕಿಂತ ಭಾರದ, ಇದಕ್ಕಿಂತ ದುಬಾರಿಯ ಯಂತ್ರದ ಬೆಲೆ ವಿಚಾರಿಸುತ್ತಾರೆ. ನಾನು ಹೇಳಹೊರಟಿರುವುದು ಇಷ್ಟೇ: ಬಹುಪಾಲು ಅದುರಿಗೆ ಕಾರಣ ಇರುವ ಯಂತ್ರದಲ್ಲೇ ಹುಡುಕಿದರೆ ಸಿಗುತ್ತದೆ, ಹುಡುಕುವುದಕ್ಕೆ ಒಂದು ಕ್ರಮವಿದೆ, ಆ ಕ್ರಮ ಬಿಟ್ಟು ಹಣ ಸುರಿದರೆ ಅದುರೂ ಹೊಸ ಯಂತ್ರದ ಜೊತೆಗೇ ಬರುತ್ತದೆ.

ಈ ಮಾತಿಗೆ ಸಾಕ್ಷಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ. 2005-06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಲ್ಲಿನ ಬೊಂಬೆಗಳನ್ನು ನಾವೆಲ್ಲ ಬಣ್ಣಕ್ಕಾಗಿ ಮೆಚ್ಚುತ್ತೇವೆ. ಲೇತಿನ ಕಣ್ಣಿನಿಂದ ನೋಡಿದರೆ ಅಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಆಲೆ ಮರದ ತುಂಡನ್ನು ಉಳಿಯಿಂದ ಕಡೆದು ಆಕಾರ ಬಂದ ಮೇಲೆ ಅದನ್ನು ಲೇತಿನಿಂದ ಇಳಿಸುವುದಿಲ್ಲ. ತಿರುಗುತ್ತಿರುವ ಮರಕ್ಕೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಅರಗು 70–80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಆ ಬಿಸಿ ಬರುವುದು ಉಜ್ಜುವುದರಿಂದಲೇ ಹೊರತು ಒಲೆಯಿಂದಲ್ಲ. ಕರಗಿದ ಅರಗನ್ನು ಕೇದಗೆಯ ಜಾತಿಯ ಒಣ ಎಲೆಯ ಪಟ್ಟಿಯಿಂದ ಒತ್ತಿ ಹರಡಿ, ಅದೇ ಎಲೆಯಿಂದ ಹೊಳಪನ್ನೂ ತರುತ್ತಾರೆ. ಅಂದರೆ ಕಡೆಯುವುದು, ಬಿಸಿ ಮಾಡುವುದು, ಬಣ್ಣ ಹಚ್ಚುವುದು, ಮೆರುಗು ಕೊಡುವುದು ನಾಲ್ಕೂ ಒಂದೇ ಯಂತ್ರದ ಕೆಲಸ. ಮರವನ್ನು ತಿರುಗಿಸುವ ಸ್ಪಿಂಡಲ್ಲು ಕೂದಲೆಳೆಯಷ್ಟು ಅಲುಗಿದರೂ ಅರಗಿನ ಕಡ್ಡಿ ಮರವನ್ನು ಒಂದು ಮಗ್ಗುಲಲ್ಲಿ ಗಟ್ಟಿಯಾಗಿ ಮುಟ್ಟಿ ಇನ್ನೊಂದು ಮಗ್ಗುಲಲ್ಲಿ ಹಾರಿಹೋಗುತ್ತದೆ. ಒಂದು ಕಡೆ ಬಣ್ಣ ದಪ್ಪ, ಇನ್ನೊಂದು ಕಡೆ ಮರದ ಬಿಳುಪು. ಉಪ್ಪುಕಾಗದದಿಂದ ಇದನ್ನು ಮುಚ್ಚಿಡಲಾಗದು, ತಿಕ್ಕಿದರೆ ಬಣ್ಣವೇ ಹೋಗುತ್ತದೆ. ಮೇಜಿನ ಕಾಲಿಗೆ ಪಾಲಿಶ್ ಬಳಿಯುವವರು ಅದುರನ್ನು ಬಚ್ಚಿಡಬಹುದು, ಅರಗಿನವರು ಬಚ್ಚಿಡಲಾರರು. ಹಾಗಾಗಿ ಅದುರಿನ ಲೆಕ್ಕವನ್ನು ಅವರ ಕಸುಬಿನಿಂದ ಶುರುಮಾಡುವುದು ನ್ಯಾಯ.

ಇಲ್ಲಿಯೇ ಮೊದಲ ಆಕ್ಷೇಪಣೆ ಏಳುತ್ತದೆ. ಹಿಂದೆ ಬಿಲ್ಲಿನ ಹುರಿ ಸುತ್ತಿ ಹಿಂದೆಮುಂದೆ ಎಳೆಯುವ ಕೈಲೇತಿನಲ್ಲಿ, ಮರದ ಗೂಟಗಳ ನಡುವೆ, ಬೇರಿಂಗೇ ಇಲ್ಲದೆ ಎಷ್ಟು ಚೆಲುವಾದ ಕೆಲಸ ಮಾಡಿರಲಿಲ್ಲ? ಹಾಗಿದ್ದಮೇಲೆ ಅಡಿಗೆ ಕೊಡುವ ತಗಡಿನ ಶಿಮ್ಮು, ಮಟ್ಟ ನೋಡುವ ರಸಮಟ್ಟ, ಈ ಗೋಜಲೆಲ್ಲ ಯಾಕೆ? ಪ್ರಶ್ನೆ ಒಳ್ಳೆಯದೇ. ಉತ್ತರ ವೇಗದಲ್ಲಿದೆ. ಒಂದು ಕಿಲೋ ತೂಕದ ಮರದ ತುಂಡಿನ ತೂಕದ ನಡು, ತಿರುಗುವ ಗೆರೆಯಿಂದ 2 ಮಿಲಿಮೀಟರ್ ಆಚೆ ಸರಿದಿದೆ ಎಂದುಕೊಳ್ಳಿ. ನಿಮಿಷಕ್ಕೆ 720 ಸುತ್ತು ತಿರುಗಿದರೆ ಅದು ಸ್ಪಿಂಡಲ್ಲನ್ನು ಹೊರಕ್ಕೆ ಎಳೆಯುವ ಬಲ ಒಂದು ಕಿಲೋ ತೂಕಕ್ಕಿಂತ ತುಸು ಹೆಚ್ಚು. ವೇಗ 1440 ಆದರೆ ಆ ಬಲ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ: ಸುಮಾರು ನಾಲ್ಕೂವರೆ ಕಿಲೋ. 2880ಕ್ಕೆ ಏರಿಸಿದರೆ 18 ಕಿಲೋ ದಾಟುತ್ತದೆ, ಅದೂ ಸೆಕೆಂಡಿಗೆ 48 ಸಲ ಸುತ್ತು ಬರುತ್ತ. ಕೈಲೇತಿನ ನಿಧಾನಗತಿಯಲ್ಲಿ ಸಡಿಲಿಕೆ ಇದ್ದರೂ ಅದಕ್ಕೆ ಬಲವಿರಲಿಲ್ಲ. ಮೋಟಾರು ಬಂದ ದಿನವೇ ಹಳೆಯ ಸಡಿಲಿಕೆಗೆ ಹೊಸ ಬಲ ಬಂತು. ಬೇಲೂರು ಹಳೇಬೀಡುಗಳ ಹೊಯ್ಸಳ ಗುಡಿಗಳಲ್ಲಿ ಕನ್ನಡಿಯಂಥ ಗುಂಡುಗಂಬಗಳಿವೆ. ಅವುಗಳ ಸುತ್ತಣ ಸಮಗೆರೆಗಳು ಬಳಪದ ಕಲ್ಲನ್ನು ತಿರುಗಿಸಿ ಕಡೆದದ್ದರ ಗುರುತು ಎಂದು ಕಲಾ ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಅಷ್ಟು ಭಾರದ ಕಲ್ಲು ವೇಗವಾಗಿ ತಿರುಗಿರಲು ಸಾಧ್ಯವಿಲ್ಲ. ಅಲ್ಲಿ ನುಣುಪು ಬಂದದ್ದು ವೇಗದಿಂದಲ್ಲ, ನೆಟ್ಟಗಿದ್ದ ಅಕ್ಷದಿಂದ. ನಮ್ಮ ಶೆಡ್ಡುಗಳಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ: ಅಕ್ಷ ಸೊಟ್ಟಗಿರುವುದನ್ನು ವೇಗದಿಂದ ಸರಿದೂಗಿಸಲು ನೋಡುತ್ತೇವೆ.

ಹಾಗಾದರೆ ಅದುರನ್ನು ಹುಡುಕುವ ಕ್ರಮ ಯಾವುದು? ಒಂದೊಂದೇ ಭಾಗವನ್ನು ಕಳಚುತ್ತ ಹೋಗುವುದು. ಪ್ಲಗ್ಗು ಕಿತ್ತು ಬೆಲ್ಟು ಬಿಚ್ಚಿ. ಮತ್ತೆ ಪ್ಲಗ್ಗು ಹಾಕಿ ಮೋಟಾರನ್ನಷ್ಟೇ ಓಡಿಸಿ, ಲೇತಿನ ಉದ್ದನೆಯ ಅಡಿಪಟ್ಟಿಯಾದ ಬೆಡ್ಡಿನ ಮೇಲೆ ಅಂಗೈ ಇಡಿ. ಆಗಲೇ ಅದುರಿದರೆ ದೋಷ ಮೋಟಾರಿನದು, ಇಲ್ಲವೇ ಅದರ ಪುಲ್ಲಿಯದು. ಮರವನ್ನು ಬೈದು ಫಲವಿಲ್ಲ. ಮೋಟಾರು ಶಾಂತವಾಗಿದ್ದರೆ ಬೆಲ್ಟು ಹಾಕಿ, ಸ್ಪಿಂಡಲ್ಲಿನಲ್ಲಿ ಏನೂ ಇಲ್ಲದೆ ಓಡಿಸಿ. ಈಗ ಅದುರು ಹುಟ್ಟಿದರೆ ಬೆಲ್ಟು, ಸ್ಪಿಂಡಲ್ಲಿನ ಪುಲ್ಲಿ, ಬೇರಿಂಗು ಈ ಮೂರರಲ್ಲಿ ಒಂದು. ಅದೂ ಸರಿಯಿದ್ದರೆ ಮರವನ್ನು ಹಿಡಿಯುವ ಚಕ್ಕು ಅಥವಾ ಫೇಸ್‌ಪ್ಲೇಟು ಏರಿಸಿ ನೋಡಿ. ಕೊನೆಗೆ ಮರ. ಹೀಗೆ ನಾಲ್ಕು ಹೆಜ್ಜೆ ಇಡುವುದಕ್ಕೆ ಒಂದು ಚಹಾದ ಹೊತ್ತು ಸಾಕು, ಪಾನಾ ಒಂದು ಬಿಟ್ಟರೆ ಸಲಕರಣೆಯೂ ಬೇಡ. ಆದರೂ ಯಾರೂ ಮಾಡುವುದಿಲ್ಲ. ಎಲ್ಲವೂ ಒಟ್ಟಿಗೆ ತಿರುಗುತ್ತಿರುವಾಗ ಕೇಳುವ ಸದ್ದನ್ನು ಹಿಡಿದು ಅನುಮಾನದ ಮೇಲೆ ಬೇರಿಂಗು ಬದಲಿಸುವುದೇ ರೂಢಿ. ಮರದ ಮೈಮೇಲಿನ ಗುರುತೂ ಮಾತಾಡುತ್ತದೆ: ಸುತ್ತಿಗೊಂದು ಏರು, ಒಂದು ತಗ್ಗು ಬಂದರೆ ಮರದ ತೂಕ ಸಮವಿಲ್ಲ ಅಥವಾ ಹಿಡಿತ ಸೊಟ್ಟಗಿದೆ, ತೆಳ್ಳನೆಯ ಕಂಬಿಯ ನಡುಭಾಗದಲ್ಲಿ ಹುರಿಯಂತೆ ಸುತ್ತುವ ಗೆರೆ ಎದ್ದರೆ ಕಂಬಿ ಉಳಿಯ ಒತ್ತಡಕ್ಕೆ ಬಾಗುತ್ತಿದೆ ಅಥವಾ ಉಳಿಗೆ ಆಸರೆಯಾದ ಟೂಲ್ ರೆಸ್ಟು ಅಲುಗುತ್ತಿದೆ.

ಬಾಡಿಗೆ ಶೆಡ್ಡಿನ ನೆಲವನ್ನು ಎಂದೂ ನಂಬಬಾರದು. ಲೇತಿನ ನಾಲ್ಕು ಕಾಲುಗಳಲ್ಲಿ ಒಂದು ಎತ್ತರದಲ್ಲಿ ನಿಂತಿದ್ದರೆ ಯಂತ್ರ ಮೂರು ಕಾಲಿನ ಮೇಲೆ ಕುಣಿಯುತ್ತದೆ. ಅದನ್ನು ನೋಡಿದ ಕೂಡಲೇ ಬೋಲ್ಟು ಹೊಡೆದು ನೆಲಕ್ಕೆ ಬಿಗಿಯುವವರೇ ಹೆಚ್ಚು. ಆದರೆ ತಗ್ಗಿನ ನೆಲಕ್ಕೆ ಬಿಗಿದರೆ ಬೆಡ್ಡೇ ತಿರುಚಿಕೊಳ್ಳುತ್ತದೆ, ಕುಣಿತ ನಿಂತು ಸೊಟ್ಟು ಉಳಿಯುತ್ತದೆ. ಮೊದಲು ಬೆಡ್ಡಿನ ಎರಡೂ ತುದಿಗಳಲ್ಲಿ ರಸಮಟ್ಟವನ್ನು ಅಡ್ಡಲಾಗಿಟ್ಟು, ಎರಡೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲುವವರೆಗೆ ಕಾಲಿನಡಿ ತಗಡಿನ ಚೂರು ಕೊಡಬೇಕು. ಬಿಗಿಯುವ ಮಾತು ಆಮೇಲೆ. ಹಗುರ ಸ್ಟ್ಯಾಂಡಿನ ಲೇತಾದರೆ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಹಲಗೆ ಹಾಸಿ ಮರಳಿನ ಚೀಲ ಹೇರಿದರೆ ನಡುಕ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಭಾರದ ಯಂತ್ರ ಕೊಳ್ಳುವವರು ಕೊಳ್ಳುವುದು ಈ ಭಾರವನ್ನೇ. ಎರಡು ಚೀಲ ಮರಳಿಗೆ ಎಷ್ಟು ಬೆಲೆ, ಎರಕದ ಕಬ್ಬಿಣಕ್ಕೆ ಎಷ್ಟು ಬೆಲೆ ಎಂದು ಒಮ್ಮೆ ತೂಗಿ ನೋಡಬಹುದು.

ನೆಲದಿಂದ ಮೇಲೆ ಬಂದರೆ ಸ್ಪಿಂಡಲ್ಲನ್ನು ಹೊತ್ತ ಹೆಡ್‌ಸ್ಟಾಕು, ಎದುರು ತುದಿಯಿಂದ ಮರವನ್ನು ಒತ್ತಿ ಹಿಡಿಯುವ ಟೇಲ್‌ಸ್ಟಾಕು. ಎರಡರಲ್ಲೂ ಚೂಪು ಸೆಂಟರು ಹಾಕಿ, ಟೇಲ್‌ಸ್ಟಾಕನ್ನು ಸರಿಸಿ ಎರಡು ಮೊನೆಗಳನ್ನು ಮುಖಾಮುಖಿ ತನ್ನಿ. ಮೊನೆಗೆ ಮೊನೆ ಕೂಡಬೇಕು. ಅಕ್ಕಪಕ್ಕ ತಪ್ಪಿದ್ದರೆ ಹೆಡ್‌ಸ್ಟಾಕಿನ ಬೋಲ್ಟು ಸಡಿಲಿಸಿ ಸರಿಪಡಿಸಬಹುದು. ಮೇಲೆ ಕೆಳಗೆ ತಪ್ಪಿದ್ದರೆ ತಗ್ಗಿನಲ್ಲಿರುವುದರ ಅಡಿಗೆ ತೆಳು ಹಿತ್ತಾಳೆ ತಗಡು. ಆದರೆ ಇದನ್ನೆಲ್ಲ ಅಳೆಯುವ ಮೊದಲು ಸೆಂಟರು ಕೂರುವ ತೂತನ್ನು ಒರೆಸಬೇಕು. ಸೆಂಟರಿನ ಬುಡ ಇಳಿಜಾರಾಗಿರುತ್ತದೆ, ಮೋರ್ಸ್ ಟೇಪರು ಎನ್ನುತ್ತಾರೆ. ಹೆಚ್ಚುಕಡಿಮೆ ಇಪ್ಪತ್ತಕ್ಕೆ ಒಂದರಷ್ಟು ಸಣ್ಣಗಾಗುವ ಆ ಇಳಿಜಾರು ಎಷ್ಟು ಸಾವಕಾಶವೆಂದರೆ ತಟ್ಟಿ ಕೂರಿಸಿದರೆ ಸ್ಕ್ರೂ ಇಲ್ಲದೆ ತಾನೇ ಕಚ್ಚಿಕೊಳ್ಳುತ್ತದೆ. ಒಂದು ಚಕ್ಕೆ ಹೊಟ್ಟು ಒಳಗೆ ಸಿಕ್ಕಿಕೊಂಡರೂ ಕಚ್ಚುವುದಿಲ್ಲ. ಸೆಂಟರು ಒಳಗೇ ಜಾರಿ ತಿರುಗಿ ತೂತಿನ ಗೋಡೆಗೆ ಗೀರು ಬೀಳುತ್ತದೆ, ಗೀರು ಬಿದ್ದದ್ದು ಮುಂದೆಂದೂ ನೆಟ್ಟಗೆ ಕೂರುವುದಿಲ್ಲ. ಬೆರಳಿಗೆ ಬಟ್ಟೆ ಸುತ್ತಿ, ಸ್ಪಿಂಡಲ್ಲು ನಿಂತಿರುವಾಗ ಮಾತ್ರ ಒರೆಸುವುದು, ಅಷ್ಟೇ. ಕೆಲವರು ಕೇಳುತ್ತಾರೆ: ಕಬ್ಬಿಣದ ಲೇತಿನಲ್ಲಾದರೆ ಸರಿ, ಮರಕ್ಕೆ ಇಷ್ಟು ನಾಜೂಕು ಬೇಕೇ, ಉಳಿ ಇರುವುದು ಕೈಯಲ್ಲಿ ತಾನೇ? ಎರಡು ಸೆಂಟರುಗಳ ನಡುವೆ ಹಿಡಿದ ಮೇಜಿನ ಕಾಲಿಗೆ ಈ ಮಾತು ಬಹಳಮಟ್ಟಿಗೆ ನಿಜ. ಅಲ್ಲಿ ಅರ್ಧ ಮಿಲಿಮೀಟರು ತಪ್ಪಿದರೆ ಕೆಲಸ ಕೆಡುವುದಿಲ್ಲ. ಆದರೆ ಒಂದು ತುದಿಯನ್ನು ಚಕ್ಕಿನಲ್ಲಿ ಕಚ್ಚಿಸಿ ಇನ್ನೊಂದು ತುದಿಗೆ ಟೇಲ್‌ಸ್ಟಾಕು ಒತ್ತಿದಾಗ ಮರ ಪ್ರತಿ ಸುತ್ತಿನಲ್ಲೂ ಬಾಗಲೇಬೇಕಾಗುತ್ತದೆ. ಟೇಲ್‌ಸ್ಟಾಕಿನಿಂದ ತೂತು ಕೊರೆದರೆ ತೂತು ದೊಗಳೆಯಾಗುತ್ತದೆ. ಬೊಂಬೆಯ ತಲೆ ಮುಂಡಕ್ಕೆ ಕೂರುವುದು ತೂತು ಮತ್ತು ಗೂಟದ ಹೊಂದಿಕೆಯಿಂದಲೇ ಅಲ್ಲವೇ?

ಬೆಲ್ಟಿನ ವಿಷಯದಲ್ಲಿ ಬಿಗಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಬೇರಿಂಗನ್ನು ಕೊಲ್ಲುತ್ತದೆ. ಪುಲ್ಲಿಗಳ ನಡುವೆ 300 ಮಿಲಿಮೀಟರ್ ಅಂತರವಿದ್ದರೆ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ 5 ಮಿಲಿಮೀಟರಿನಷ್ಟು ಬಾಗಬೇಕು. ಎರಡು ಪುಲ್ಲಿಗಳ ಮುಖಕ್ಕೆ ನೆಟ್ಟನೆಯ ಪಟ್ಟಿ ಹಿಡಿದು ಅವು ಒಂದೇ ಸಾಲಿನಲ್ಲಿವೆಯೇ ನೋಡಬೇಕು. ತಿಂಗಳುಗಟ್ಟಲೆ ನಿಂತ ಲೇತಿನಲ್ಲಿ ವಿ-ಬೆಲ್ಟು ಪುಲ್ಲಿಯ ಆಕಾರಕ್ಕೇ ಸೆಟೆದುಕೊಂಡಿರುತ್ತದೆ. ಶುರುಮಾಡಿದಾಗ ಧಡ್ ಧಡ್ ಎನ್ನುವುದು ಅದೇ. ಸ್ವಲ್ಪ ಓಡಿದ ಮೇಲೂ ಹೋಗದಿದ್ದರೆ ಬೆಲ್ಟು ಬದಲಿಸಿ, ಬೇರಿಂಗು ಬಿಚ್ಚಲು ಹೋಗಬೇಡಿ. ಬೇರಿಂಗಿನ ಪರೀಕ್ಷೆ ಬೇರೆ: ಪ್ಲಗ್ಗು ಕಿತ್ತು ಬೆಲ್ಟು ತೆಗೆದು, ಸ್ಕ್ರೂಡ್ರೈವರಿನ ಮೊನೆಯನ್ನು ಹೆಡ್‌ಸ್ಟಾಕಿನ ಮೈಗೆ ಒತ್ತಿ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ, ಸ್ಪಿಂಡಲ್ಲನ್ನು ಕೈಯಿಂದ ತಿರುಗಿಸಬೇಕು. ಗಾಳಿ ಸುಯ್ದಂತೆ ಕೇಳಿದರೆ ಸರಿ. ಮರಳು ಅರೆದಂತೆ ಗರಗರ ಎಂದರೆ ಮುಗಿಯಿತು. ಹೊಸದು ತರಲು ಎಸ್.ಪಿ. ರಸ್ತೆಗೆ ಹೋದವರು ಬರೀ ನಂಬರು ಹೇಳಿ ಬರಬಾರದು. 6205 ಎಂದರೆ 25 ಮಿಲಿಮೀಟರ್ ಒಳವ್ಯಾಸದ ಬೇರಿಂಗು, ಅಷ್ಟೇ. ಅದರ ಮುಂದೆ ಜಡ್‌ಜಡ್ ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರು ಸೀಲು. ಉಪ್ಪುಕಾಗದದ ಧೂಳು ತಗಡಿನ ಅಂಚಿನ ಸಂದಿಯಲ್ಲಿ ನುಸುಳುತ್ತದೆ, ಮರದ ಲೇತಿಗೆ ರಬ್ಬರಿನದೇ ಆಗಬೇಕು. ಕೂರಿಸುವಾಗಿನ ತಪ್ಪೂ ಸಾಮಾನ್ಯ. ಶಾಫ್ಟಿನ ಮೇಲೆ ಏರಿಸುವಾಗ ಒಳಬಳೆಗೆ ಮಾತ್ರ ಒತ್ತಡ ಬೀಳಬೇಕು, ಬೇರಿಂಗು ಕೂರುವ ಮನೆಯೊಳಗೆ ಇಳಿಸುವಾಗ ಹೊರಬಳೆಗೆ ಮಾತ್ರ. ಎಲ್ಲೆಂದರಲ್ಲಿ ಸುತ್ತಿಗೆ ಬಿದ್ದರೆ ಗುಂಡುಗಳು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿಗಳಾಗಿ, ಹೊಸ ಬೇರಿಂಗು ಮೊದಲ ದಿನವೇ ಹಳೆಯದರ ಸದ್ದು ಮಾಡುತ್ತದೆ. ಆಮೇಲೆ ಅಂಗಡಿಯವನು ನಕಲಿ ಮಾಲು ಕೊಟ್ಟನೆಂದು ದೂರು.

ಬೆಂಗಳೂರಿನಲ್ಲಿ ಲೇತಿನ ತಿಳಿವಳಿಕೆಗೆ ಕೊರತೆಯಿಲ್ಲ. ಕಷ್ಟವೇನೆಂದರೆ ಅದು ಕಬ್ಬಿಣದ ಲೇತಿನ ತಿಳಿವಳಿಕೆ. 1953ರಲ್ಲಿ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಶುರುವಾದಂದಿನಿಂದ, ಆಮೇಲೆ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ, ನಮ್ಮ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಲೋಹದ ಮೇಲೆ. ಅಲ್ಲಿನ ಮೊದಲ ಪಾಠ ಎಣ್ಣೆ: ಬೆಡ್ಡು ಸದಾ ಎಣ್ಣೆಯಿಂದ ಮಿನುಗುತ್ತಿರಬೇಕು. ಅದೇ ಪಾಠವನ್ನು ಮರದ ಲೇತಿಗೆ ತಂದರೆ ಹೊಟ್ಟು ಎಣ್ಣೆ ಕುಡಿದು ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತದೆ, ಆ ಹಿಟ್ಟು ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡು ಎಣ್ಣೆಯ ಕೆಳಗೇ ತುಕ್ಕು ಹಿಡಿಸುತ್ತದೆ. ಟೇಲ್‌ಸ್ಟಾಕು ಸರಿಯದೆ ಸಿಕ್ಕಿಕೊಳ್ಳುವುದು ಬಹುತೇಕ ಇದರಿಂದಲೇ. ಮರದ ಲೇತಿಗೆ ಬೇಕಾದದ್ದು ಒಣ ಮೈ: ಒರೆಸಿ, ತೆಳುವಾಗಿ ಮೇಣ ಹಚ್ಚಿ, ಬಟ್ಟೆಯಿಂದ ಉಜ್ಜಿ ಬಿಟ್ಟರೆ ಸಾಕು. ಸಿಲಿಕೋನ್ ಸ್ಪ್ರೇ ಮಾತ್ರ ಶೆಡ್ಡಿನೊಳಗೆ ಬರಬಾರದು. ಅದರ ಒಂದು ಹನಿ ಮರಕ್ಕೆ ತಗುಲಿದರೆ ಪಾಲಿಶ್ ಅಲ್ಲಿ ಹಿಡಿಯದೆ ಕಣ್ಣು ಕಣ್ಣಾಗಿ ಸರಿದುಕೊಳ್ಳುತ್ತದೆ. ಬೆಳ್ಳಂದೂರಿನವರಿಗೆ ಇನ್ನೊಂದು ಮಾತು. 2015ರಿಂದ ನೊರೆಗೂ ಬೆಂಕಿಗೂ ದೇಶದೆಲ್ಲೆಡೆ ಸುದ್ದಿಯಾದ ನಮ್ಮ ಕೆರೆಗೆ ಸೇರಿದ್ದು ಊರಿನ ಕೊಳಚೆ. ಕೊಳಚೆ ಕೊಳೆತಾಗ ಏಳುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸುತ್ತದೆ, ಸ್ವಿಚ್ಚಿನ ಒಳಗಿನ ತಾಮ್ರದ ತುದಿಗಳನ್ನೂ ಬಿಡುವುದಿಲ್ಲ. ಕೆರೆಯಂಚಿನ ಶೆಡ್ಡಿನಲ್ಲಿ ಸ್ವಿಚ್ಚನ್ನೂ ವೈರಿನ ಕೂಡುಗಳನ್ನೂ ಬೇರೆ ಕಡೆಗಿಂತ ಹೆಚ್ಚು ಸಲ ಬಿಚ್ಚಿ ನೋಡಬೇಕು.

ಮೋಟಾರು ಗುಂಯ್ ಎಂದು ನಿಂತೇ ಇದ್ದರೆ ಸುಟ್ಟುಹೋಯಿತೆಂದು ವೈಂಡಿಂಗಿಗೆ ಕಳಿಸುವ ಮುನ್ನ ಒಂದು ಜಾಗ ನೋಡಿ. ಸಿಂಗಲ್ ಫೇಸ್ ಮೋಟಾರುಗಳಲ್ಲಿ ಹಲವಕ್ಕೆ ಹಿಂಭಾಗದ ಮುಚ್ಚಳದೊಳಗೆ, ವೇಗ ಬಂದ ಮೇಲೆ ಶುರುವಿನ ಸುತ್ತನ್ನು ಕಡಿದುಹಾಕುವ ಸ್ವಿಚ್ಚೊಂದು ಇರುತ್ತದೆ. ನುಣ್ಣನೆಯ ಧೂಳು ಅದರ ತುಟಿಗಳ ನಡುವೆ ಕೂತರೆ ಕರೆಂಟು ದಾಟುವುದಿಲ್ಲ, ಮೋಟಾರು ಏಳುವುದಿಲ್ಲ. ಬ್ಲೋವರಿನಿಂದ ಊದಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇನ್ನೊಂದು ಕಾರಣ ವೈರು. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಮೋಟಾರಿನ ತಿರುಗಿಸುವ ಬಲ ನೂರಕ್ಕೆ 19ರಷ್ಟು ಇಳಿಯುತ್ತದೆ. ಶೆಡ್ಡಿನ ಆ ಮೂಲೆಯಿಂದ ಈ ಮೂಲೆಗೆ ಎಳೆದ ತೆಳು ಎಕ್ಸ್‌ಟೆನ್ಶನ್ ವೈರೇ ಆ ಹತ್ತನ್ನು ನುಂಗಿರಬಹುದು. ಈಗಿನ ಲೇತುಗಳಿಗೆ ಗುಬ್ಬಿ ತಿರುಗಿಸಿದರೆ ವೇಗ ಬದಲಾಗುವ ಡ್ರೈವ್ ಬಂದಿದೆ, ಬೇರಿಂಗು ಮುಚ್ಚಿದ್ದೇ ಬರುತ್ತದೆ, ಇನ್ನು ನಿರ್ವಹಣೆಯ ಗೊಡವೆ ಯಾಕೆ ಎನ್ನುವವರಿದ್ದಾರೆ. ಡ್ರೈವಿನಿಂದ ನಿಜವಾದ ಉಪಕಾರವೊಂದಿದೆ: ಯಂತ್ರ ಮೈದುಂಬಿ ಅದುರುವ ವೇಗವನ್ನು ಬಿಟ್ಟು ಆಚೀಚೆಯ ವೇಗದಲ್ಲಿ ಕೆಲಸ ಮಾಡಬಹುದು. ಆದರೆ ಹಾಗೆ ತಪ್ಪಿಸಿಕೊಂಡ ಅದುರು ಹೋಯಿತೆಂದು ಅರ್ಥವಲ್ಲ. ಜೊತೆಗೆ, ವೇಗ ಬಹಳ ಇಳಿಸಿ ಗಟ್ಟಿಯಾಗಿ ಕಡೆದರೆ ಮೋಟಾರಿನ ಬೆನ್ನಿನ ಫ್ಯಾನೂ ನಿಧಾನವಾಗಿ ಮೋಟಾರು ಕಾಯುತ್ತದೆ. ಹಳೆಯ ಯಂತ್ರದಲ್ಲಿ ಪುಲ್ಲಿ ಬದಲಿಸಿ ವೇಗ ಇಳಿಸಿದಾಗ ಈ ತೊಂದರೆ ಇರಲಿಲ್ಲ.

ಟೂಲ್ ರೆಸ್ಟು ಎಲ್ಲರೂ ಮರೆಯುವ ಭಾಗ. ಉಳಿಯ ಮೂಲೆ ತಾಗಿ ತಾಗಿ ಅದರ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಾಗುತ್ತವೆ. ಉಳಿ ಜಾರುತ್ತ ಬಂದು ಅಲ್ಲಿ ಒಂದು ಕ್ಷಣ ತಡೆದು ಮುಂದಕ್ಕೆ ಹಾರುತ್ತದೆ. ಆ ಹಾರಿಕೆಯೇ ಮರದ ಮೇಲೆ ಗೆರೆ. ಅಂಚನ್ನು ಚಪ್ಪಟೆ ಅರದಿಂದ ಉದ್ದಕ್ಕೆ ಒಂದೇ ಸಮ ಉಜ್ಜಿ, ಎಮೆರಿ ಕಾಗದ ಎಳೆದು, ಮೇಣ ತೀಡಿದರೆ ಅದೇ ಕೈ ಅದೇ ಉಳಿ ಬೇರೆಯವರದಂತೆ ಕೆಲಸ ಮಾಡುತ್ತದೆ. ಉಳಿಯ ಸಾಣೆಯ ಬಗ್ಗೆ ಇಷ್ಟೇ ಹೇಳುತ್ತೇನೆ: ಮೊಂಡು ಉಳಿ ಮರವನ್ನು ಕತ್ತರಿಸುವ ಬದಲು ತಳ್ಳುತ್ತದೆ, ತಳ್ಳಿದ ಮರ ಬಾಗುತ್ತದೆ, ಬಾಗಿದ್ದು ಮರಳಿ ಬಂದು ಉಳಿಗೆ ಬಡಿಯುತ್ತದೆ. ಎಲ್ಲ ಪರೀಕ್ಷೆ ಮುಗಿದ ಮೇಲೂ ಅದುರು ಉಳಿದಿದ್ದರೆ ಅದು ಯಂತ್ರದ್ದಲ್ಲ, ಮೊಂಡು ಉಳಿಯದು.

ಕಡೆಯ ಆಕ್ಷೇಪಣೆ ಹೊಟ್ಟೆಪಾಡಿನದು, ಆದ್ದರಿಂದ ಎಲ್ಲಕ್ಕಿಂತ ಗಟ್ಟಿಯಾದದ್ದು. ಪೀಸಿನ ಲೆಕ್ಕದಲ್ಲಿ ದುಡಿಯುವವನಿಗೆ ಲೇತು ನಿಂತ ಹೊತ್ತು ಕೂಲಿ ತಪ್ಪಿದ ಹೊತ್ತು. ಒರೆಸಿ, ಬಿಚ್ಚಿ, ರಸಮಟ್ಟ ಇಟ್ಟರೆ ಮಾಲೀಕ ಅದಕ್ಕೆ ದುಡ್ಡು ಕೊಡುತ್ತಾನೆಯೇ? ಕೊಡುವುದಿಲ್ಲ, ಆ ಅನ್ಯಾಯವನ್ನು ನಾನು ಮುಚ್ಚಿಹಾಕುವುದಿಲ್ಲ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲನ್ನೂ ಬರೆಯಬೇಕು. ಅದುರುವ ಲೇತಿನಲ್ಲಿ ಕಡೆದ ಪ್ರತಿ ತುಂಡಿಗೂ ಉಪ್ಪುಕಾಗದದ ಹೊತ್ತು ಸೇರುತ್ತದೆ, ಕಾಗದದ ಬೆಲೆ ಸೇರುತ್ತದೆ, ತಿಕ್ಕಿದ ಧೂಳು ಎದೆಗೂ ಬೇರಿಂಗಿಗೂ ಹೋಗುತ್ತದೆ. ದಿನದ ಕೊನೆಗೆ ಹೊಟ್ಟು ಗುಡಿಸಿ ಬೆಡ್ಡು ಒರೆಸುವುದು, ವಾರಕ್ಕೊಮ್ಮೆ ಟೇಪರು ಮತ್ತು ಬೆಲ್ಟು ನೋಡುವುದು, ಮಳೆಗಾಲದ ಮುಂಚೆ ಒಮ್ಮೆ ಮತ್ತು ಮುಗಿದ ಮೇಲೆ ಒಮ್ಮೆ ಮೊನೆಗೆ ಮೊನೆ ಕೂಡಿಸಿ ನೋಡುವುದು, ಇಷ್ಟಕ್ಕೆ ತಗಲುವ ಹೊತ್ತು ಆ ತಿಕ್ಕಾಟದ ಮುಂದೆ ಏನೂ ಅಲ್ಲ. ಮರದ ಬೆಡ್ಡಿನ ನಾಟಿ ಲೇತುಗಳಿಗೆ ಈ ಕಡೆಯದು ತಪ್ಪಬಾರದು, ಬೆಡ್ಡೇ ತೇವಕ್ಕೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ.

ಹೊಸ ಯಂತ್ರ ಎಂದೂ ಬೇಡವೆಂದು ನಾನು ಹೇಳುತ್ತಿಲ್ಲ. ಬೇರಿಂಗು ಕೂರುವ ಮನೆಯೇ ಸವೆದು ಹೊಸ ಬೇರಿಂಗಿನ ಹೊರಬಳೆ ಅದರೊಳಗೆ ತಿರುಗುತ್ತಿದ್ದರೆ, ಎರಕದ ಹೆಡ್‌ಸ್ಟಾಕಿನಲ್ಲಿ ಬಿರುಕು ಕಂಡರೆ, ಅಥವಾ ಸ್ಪಿಂಡಲ್ಲಿನ ಮೂತಿಗೆ ಡಯಲ್ ಗೇಜು ಹಿಡಿದು ಕೈಯಿಂದ ತಿರುಗಿಸಿದಾಗ ಒಳ್ಳೆಯ ಬೇರಿಂಗಿದ್ದೂ ಮುಳ್ಳು ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಓಲಾಡಿ ಸ್ಪಿಂಡಲ್ಲು ಬಾಗಿರುವುದು ಗೊತ್ತಾದರೆ, ಮಾತು ಬೇರೆ. ಆಗ ಶಿಮ್ಮು, ಮೇಣ, ಮರಳಿನ ಚೀಲ ಯಾವುದೂ ನೆರವಿಗೆ ಬರುವುದಿಲ್ಲ. ಹೊಸ ಸ್ಪಿಂಡಲ್ಲು ಕಡೆಸುವ ಖರ್ಚನ್ನು ಪೀಣ್ಯದಲ್ಲಿ ಒಮ್ಮೆ ಕೇಳಿ, ಅದು ಯಂತ್ರದ ಅರ್ಧ ಬೆಲೆ ದಾಟಿದರೆ ಹಳೆಯ ಲೇತನ್ನು ಗುಜರಿಗೆ ಕೊಡಬಹುದು. ಕೊಡುವ ಮುನ್ನ ಒಳ್ಳೆಯ ಮೋಟಾರನ್ನೂ, ಪುಲ್ಲಿಗಳನ್ನೂ, ಟೂಲ್ ರೆಸ್ಟನ್ನೂ ಬಿಚ್ಚಿಟ್ಟುಕೊಳ್ಳಿ.